ಕೋಲು ಬಿಟ್ಟ ಬೀನ್ಸ್

ಕಳೆದ ಜೂನ್‌ನಲ್ಲಿ ಪುಣೆಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಬಳ್ಳಿ ಬೀನ್ಸ್ ಹಾಕಿದ್ದೆ. ಕುಂಡದಿಂದ ಗ್ರಿಲ್‌ವರೆಗೆ ದಾರ ಕಟ್ಟಿ, ಕುಡಿಯನ್ನು ಅದಕ್ಕೆ ನಾಲ್ಕು ಸುತ್ತು ಸುತ್ತಿ, ಬೆಳಗಿನ ಸ್ಟ್ಯಾಂಡ್-ಅಪ್ ಕಾಲ್‌ಗೆ ಕೂತೆ. ಮಾರನೆಯ ದಿನ ನೋಡಿದರೆ ಸುತ್ತು ಬಿಚ್ಚಿಕೊಂಡು ಕುಡಿ ಗಾಳಿಯಲ್ಲಿ ತೂಗುತ್ತಿತ್ತು. ಮತ್ತೆ ಸುತ್ತಿದೆ, ಮತ್ತೆ ಬಿಚ್ಚಿತು. ತುಮಕೂರಿನ ಕಡೆಯ ನಮ್ಮೂರಿಂದ ಬಂದಿದ್ದ ಅಮ್ಮ ಎರಡು ದಿನ ಸುಮ್ಮನೆ ನೋಡಿ, ಮೂರನೆಯ ದಿನ ಬಾಯಿಬಿಟ್ಟಳು: "ಅದು ಆ ಕಡೆ ಸುತ್ತಲ್ಲ ಕಣೋ. ದಾರ ತೋರಿಸಿ ಕೈ ಬಿಡು, ಅದೇ ಹತ್ತುತ್ತೆ."

ನಾನು ಪ್ರದಕ್ಷಿಣೆ ಹಾಕಿಸಿದ್ದೆ. ಮೇಲಿನಿಂದ ನೋಡಿದರೆ ಬೀನ್ಸ್ ಬಳ್ಳಿ ಸುತ್ತುವುದು ಅಪ್ರದಕ್ಷಿಣವಾಗಿ. ಎಂಟೆಕ್ ಮಾಡಿದವನಿಗೆ ಇದು ಗೊತ್ತಿರಲಿಲ್ಲ, ಏಳನೆಯ ತರಗತಿಗೆ ಶಾಲೆ ಬಿಟ್ಟವಳಿಗೆ ಗೊತ್ತಿತ್ತು.

ಇದನ್ನು ಗಡಿಯಾರ ಹಿಡಿದು ಅಳೆದವನು ಚಾರ್ಲ್ಸ್ ಡಾರ್ವಿನ್. ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ 1858ರಲ್ಲಿ ಬಳ್ಳಿಗಳ ನುಲಿಯ ಚಲನೆಯ ಬಗ್ಗೆ ಒಂದು ಸಣ್ಣ ಲೇಖನ ಬರೆದಿದ್ದ. ಅದನ್ನು ಓದಿ ಆಸಕ್ತಿ ಹುಟ್ಟಿದ ಡಾರ್ವಿನ್, ಕಾಯಿಲೆಯಿಂದ ಕೋಣೆಯಲ್ಲೇ ಉಳಿಯಬೇಕಾಗಿ ಬಂದಾಗ ಹಾಪ್ ಬಳ್ಳಿಯ ಕುಂಡವನ್ನು ಬಳಿಯಲ್ಲಿಟ್ಟುಕೊಂಡು ಹಗಲೂ ರಾತ್ರಿ ಅದರ ತುದಿ ಎಲ್ಲಿಗೆ ಬಂತು ಎಂದು ಗುರುತು ಹಾಕುತ್ತ ಹೋದ. ಬೇಸಗೆಯ ಹಗಲಲ್ಲಿ ಆ ತುದಿ ಒಂದು ಸುತ್ತು ಬರಲು ಸರಾಸರಿ 2 ಗಂಟೆ 8 ನಿಮಿಷ. ಬೀನ್ಸ್‌ಗೂ ಹೆಚ್ಚುಕಡಿಮೆ ಎರಡೇ ಗಂಟೆ, ಆದರೆ ದಿಕ್ಕು ಹಾಪ್‌ಗೆ ತದ್ವಿರುದ್ಧ. ಅಂದರೆ ಕುಡಿ ಸುಮ್ಮನೆ ನೇತಾಡುತ್ತಿರುವುದಿಲ್ಲ. ಕುರುಡರು ಕೋಲಾಡಿಸುವ ಹಾಗೆ ಗಾಳಿಯಲ್ಲಿ ವೃತ್ತ ಬರೆಯುತ್ತ ಹುಡುಕುತ್ತಿರುತ್ತದೆ. ಏನಾದರೂ ತಗುಲಿದರೆ ಆ ವೃತ್ತವೇ ಸುತ್ತಾಗುತ್ತದೆ. 1865ರಲ್ಲಿ ಲಿನಿಯನ್ ಸೊಸೈಟಿಯಲ್ಲಿ ಓದಿದ ಆ ಪ್ರಬಂಧ ಹತ್ತು ವರ್ಷದ ಮೇಲೆ ಪುಸ್ತಕವಾಯಿತು.

ಆದರೆ ಬೀನ್ಸ್‌ಗೆ ಆಸರೆ ಕೊಟ್ಟವರ ಕಥೆ ಡಾರ್ವಿನ್‌ಗಿಂತ ಸಾವಿರಾರು ವರ್ಷ ಹಳೆಯದು, ಮತ್ತು ಅದು ಯುರೋಪಿನದ್ದಲ್ಲ. ನಾವು ಪಲ್ಯ ಮಾಡುವ ಹುರುಳಿಕಾಯಿ ಅಮೆರಿಕ ಖಂಡದ ಗಿಡ. ಮೆಕ್ಸಿಕೊ ಸುತ್ತಮುತ್ತ ಒಮ್ಮೆ, ಆಂಡೀಸ್ ಬೆಟ್ಟಗಳಲ್ಲಿ ಇನ್ನೊಮ್ಮೆ, ಹೀಗೆ ಎರಡು ಕಡೆ ಬೇರೆ ಬೇರೆಯಾಗಿ ಜನ ಅದನ್ನು ಪಳಗಿಸಿದರು. ಕಾಡು ಬೀನ್ಸ್ ಇವತ್ತಿಗೂ ಪೊದೆಗಳ ಮೇಲೆ ಹಬ್ಬುವ ಬಳ್ಳಿಯೇ. ಪಳಗಿಸಿದವರ ಮುಂದಿದ್ದ ಮೊದಲ ಪ್ರಶ್ನೆ, ಇದನ್ನು ಹೊಲದಲ್ಲಿ ಯಾವುದರ ಮೇಲೆ ಹಬ್ಬಿಸುವುದು? ಅವರು ಕಂಡುಕೊಂಡ ಕೋಲು ಮೆಕ್ಕೆಜೋಳದ ದಂಟು. ಜೋಳ, ಬೀನ್ಸ್, ಕುಂಬಳ ಒಂದೇ ಹೊಲದಲ್ಲಿ ಬೆಳೆಯುವ ಈ ಪದ್ಧತಿಗೆ ಮೆಕ್ಸಿಕೊದಲ್ಲಿ ಮಿಲ್ಪಾ ಅನ್ನುತ್ತಾರೆ. ಉತ್ತರದ ಹಾಡೆನೊಶೋನಿ ಜನರಿಗೆ ಇವು ಮೂವರು ಅಕ್ಕತಂಗಿಯರು. 1605ರಲ್ಲಿ ಫ್ರೆಂಚ್ ನಾವಿಕ ಶಾಂಪ್ಲೇನ್ ಈಗಿನ ಮೇನ್ ರಾಜ್ಯದ ಸಾಕೊ ನದಿಯ ಮುಖದಲ್ಲಿ ಇದನ್ನು ಕಣ್ಣಾರೆ ಕಂಡು ಬರೆದಿಟ್ಟ: ಪ್ರತಿ ಗುಡ್ಡೆಯಲ್ಲಿ ಜೋಳದ ಜೊತೆ ಮೂರು ನಾಲ್ಕು ಬೀನ್ಸ್ ಬೀಜ, ಅವು ಜೋಳವನ್ನು ಸುತ್ತಿಕೊಂಡು ಏರುತ್ತವೆ, ಹೊಲದಲ್ಲಿ ಕಳೆಯೇ ಇಲ್ಲ.

ಈ ಅಕ್ಕತಂಗಿಯರ ಬಗ್ಗೆ ಈಗ ಬರುವ ವಿಡಿಯೋಗಳಲ್ಲಿ ಬೀನ್ಸ್ ತನ್ನ ಬೇರಿನಿಂದ ಜೋಳಕ್ಕೆ ನೈಟ್ರೋಜನ್ ಉಣಿಸುತ್ತದೆ ಎಂದು ಹೇಳುವುದುಂಟು. ಅದು ಸ್ವಲ್ಪ ಉತ್ಪ್ರೇಕ್ಷೆ. ಬೇರಿನ ಗಂಟುಗಳಲ್ಲಿ ಕೂಡಿಟ್ಟದ್ದರ ಬಹುಪಾಲನ್ನು ಬೀನ್ಸ್ ತಾನೇ ಬಳಸಿಕೊಳ್ಳುತ್ತದೆ. ಬೇರು, ಸೊಪ್ಪು ಕೊಳೆತ ಮೇಲೆ ಮುಂದಿನ ಬೆಳೆಗೆ ಸಿಗುವುದೇ ಹೆಚ್ಚು. ಜೋಳ ನೆಟ್ಟಗೆ ನಿಂತು ಆಸರೆ ಕೊಡುವುದಂತೂ ತಕ್ಷಣದ ಉಪಕಾರ. ಅದಕ್ಕೂ ಲೆಕ್ಕವಿದೆ. ದಂಟು ಸಣ್ಣದಿರುವಾಗಲೇ ಬೀನ್ಸ್ ಜೋರಾಗಿ ಎದ್ದರೆ ಎರಡೂ ನೆಲಕ್ಕೆ.

ಬೀನ್ಸ್ ಯುರೋಪಿಯನ್ನರ ಕೈಯಿಂದ ನಮ್ಮ ದೇಶಕ್ಕೆ ಬಂದಾಗ ಕನ್ನಡಿಗರು ಅದಕ್ಕೆ ಹೊಸ ಹೆಸರು ಹುಡುಕಲಿಲ್ಲ, ಹುರುಳಿಕಾಯಿ ಅಂದುಬಿಟ್ಟರು. ಹುರುಳಿ ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲೇ ಸುಟ್ಟ ಕಾಳಾಗಿ ಸಿಕ್ಕಿರುವ ಧಾನ್ಯ. ಅಷ್ಟು ಹಳೆಯವಳ ಹೆಸರನ್ನು ನಿನ್ನೆ ಮೊನ್ನೆ ಬಂದವಳಿಗೆ ಇಟ್ಟೆವು.

ನಮ್ಮ ಸ್ವಂತ ಬಳ್ಳಿಯ ಹೆಸರಲ್ಲಂತೂ ಆಸರೆಯೇ ಸೇರಿಕೊಂಡಿದೆ: ಚಪ್ಪರದವರೆ. ಅವರೆಯ ಕಾಡುಮೂಲ ಆಫ್ರಿಕಾ. ಆದರೆ ಬಳ್ಳಾರಿ ಕಡೆಯ ನವಶಿಲಾಯುಗದ ಜನ ಅದನ್ನು ತಿನ್ನಲು ತೊಡಗಿ ಸುಮಾರು ಮೂರೂವರೆ ಸಾವಿರ ವರ್ಷವಾಗಿದೆ. ಹಿತ್ತಲಲ್ಲಾದರೆ ಚಪ್ಪರ, ಹೊಲದಲ್ಲಾದರೆ ರಾಗಿಯ ನಡುವೆ ಅಕ್ಕಡಿ ಸಾಲು. ರಾಗಿ ಕೊಯ್ದ ಮೇಲೂ ಅವರೆ ಹೊಲದಲ್ಲೇ ಇದ್ದು, ಇಬ್ಬನಿ ಕುಡಿದು, ಸಂಕ್ರಾಂತಿ ಹೊತ್ತಿಗೆ ಸೊಗಡು ಹಿಡಿಯುತ್ತದೆ. ಹಗಲು ಚಿಕ್ಕದಾಗದೆ ಈ ಹಳೆಯ ತಳಿಗಳು ಹೂ ಬಿಡುವುದಿಲ್ಲ.

ಹಾಗಾದರೆ ಕೋಲೇ ಬೇಡದ, ಮೊಣಕಾಲೆತ್ತರದ ಬೀನ್ಸ್ ಎಲ್ಲಿಂದ ಬಂತು? ತುದಿಯಲ್ಲಿ ಹೂವಾಗದಂತೆ ತಡೆಯುವ ಒಂದು ಜೀನ್ ಕೆಟ್ಟರೆ ಬಳ್ಳಿಯ ತುದಿ ಹೂಗೊಂಚಲಾಗಿ ಮುಗಿದುಹೋಗುತ್ತದೆ; ಬಳ್ಳಿ ಗಿಡವಾಗುತ್ತದೆ. ಇಂಥ ಕೆಡುವಿಕೆ ಒಮ್ಮೆಯಲ್ಲ, ಹಲವು ಸಲ ಬೇರೆ ಬೇರೆಯಾಗಿ ಆಗಿದೆ. ರೈತರು ಪ್ರತಿ ಸಲವೂ ಅದನ್ನು ಆರಿಸಿಟ್ಟುಕೊಂಡಿದ್ದಾರೆ. ಕೋಲು ಕಡಿಯುವ, ಹೂಳುವ, ಕೀಳುವ ಕೆಲಸ ಉಳಿಯಿತಲ್ಲ. ಆದರೆ ಬಳ್ಳಿಯನ್ನು ಹೊಲದಿಂದ ನಿಜವಾಗಿ ಓಡಿಸಿದ್ದು ಯಂತ್ರ. ಅಮೆರಿಕದ ಓರೆಗಾನ್‌ನ ವಿಲಾಮೆಟ್ ಕಣಿವೆಯಲ್ಲಿ ಡಬ್ಬಿ ಕಾರ್ಖಾನೆಗಳಿಗಾಗಿ ಬ್ಲೂ ಲೇಕ್ ಎಂಬ ರುಚಿಯಾದ ಬಳ್ಳಿ ಬೀನ್ಸನ್ನು ಕಂಬ, ತಂತಿ, ದಾರ ಕಟ್ಟಿ ಬೆಳೆಯುತ್ತಿದ್ದರು. ಬೇಸಗೆ ರಜೆಯಲ್ಲಿ ಶಾಲೆಯ ಮಕ್ಕಳು, ಹೆಂಗಸರು, ವಲಸೆ ಕೂಲಿಗಳು ಸಾಲು ಹಿಡಿದು ಕೈಯಿಂದ ಬಿಡಿಸುತ್ತಿದ್ದರು. 1960ರ ದಶಕದಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಅದೇ ರುಚಿಯ ಗಿಡ ತಳಿಗಳನ್ನು ಬೆಳೆಸಿತು. ತಂತಿಯ ಸಾಲಿನಲ್ಲಿ ನುಗ್ಗಲಾಗದ ಯಂತ್ರ ಗಿಡದ ಸಾಲಿನಲ್ಲಿ ಸಲೀಸಾಗಿ ಹೋಯಿತು. ಕಂಬವೂ ಹೋಯಿತು, ಕೂಲಿಯೂ ಹೋಯಿತು.

ಬಳ್ಳಿ ವಾರಗಟ್ಟಲೆ ದಿನಾ ಒಂದು ಹಿಡಿ ಕೊಡುತ್ತದೆ, ಗಿಡ ಎಲ್ಲವನ್ನೂ ಒಟ್ಟಿಗೆ ಕೊಟ್ಟು ಮುಗಿಸುತ್ತದೆ. ಕಾರ್ಖಾನೆಗೆ ಬೇಕಾದದ್ದು ಎರಡನೆಯದು, ಅಡುಗೆಮನೆಗೆ ಮೊದಲನೆಯದು. (ನಮ್ಮ ಪ್ರಾಜೆಕ್ಟುಗಳಲ್ಲೂ ಇದೇ ಜಗಳ.) ನಮ್ಮಲ್ಲೂ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಎಚ್‌ಎ-3, ಎಚ್‌ಎ-4 ಅವರೆ ತಳಿಗಳು ಹಗಲಿನ ಉದ್ದ ನೋಡದೆ ಹೂ ಬಿಡುವ ಗಿಡಗಳೇ. ವರ್ಷವಿಡೀ ಅವರೆಕಾಯಿ ಸಿಗುವುದು ಅವುಗಳಿಂದ. ಅದನ್ನು ಹಳಿಯಲಾರೆ, ಮೇ ತಿಂಗಳಲ್ಲಿ ಊರಿಗೆ ಹೋದಾಗ ನಾನೂ ಅದರ ಸಾರೇ ಉಂಡದ್ದು.

ಅಮ್ಮನಿಗೆ ಮಾತ್ರ ಅದು ಅವರೆಯೇ ಅಲ್ಲ. ಊರಿನ ಹಿತ್ತಲಲ್ಲಿ ಅಪ್ಪ ಕಲ್ಲುಕಂಬ ನೆಟ್ಟು, ಅಡಿಕೆ ದಬ್ಬೆ ಹಾಸಿ ಮಾಡಿದ್ದ ಚಪ್ಪರ ಅಪ್ಪ ಹೋದ ಮರುವರ್ಷ ಕುಸಿಯಿತು. ಎತ್ತಿ ಕಟ್ಟುವವರಿರಲಿಲ್ಲ, ನಾನು ಇಲ್ಲಿ, ತಮ್ಮ ಹೈದರಾಬಾದಿನಲ್ಲಿ. ಆ ಬಳ್ಳಿಯ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟುಕೊಂಡಿದ್ದಾಳೆ. ಈ ಸಲ ಗಂಟು ಬಿಚ್ಚಿದರೆ ಅರ್ಧ ಹುಳ ತಿಂದಿತ್ತು. ಉಳಿದವುಗಳಲ್ಲಿ ಐದು ಬೀಜ ಬೀನ್ಸ್ ಕುಂಡದ ಪಕ್ಕದ ಕುಂಡಕ್ಕೆ ಹಾಕಿದಳು, ಮೂರು ಹುಟ್ಟಿದವು.

ಹೊರಗಿನ ಗ್ರಿಲ್‌ಗೆ ಹಗ್ಗ ಕಟ್ಟಬಾರದೆಂದು ಹೌಸಿಂಗ್ ಸೊಸೈಟಿಯಿಂದ ನೋಟಿಸ್ ಬಂತು. ಈಗ ದಾರ ಒಳಗಿನ ಬಟ್ಟೆ ಒಣಹಾಕುವ ರಾಟೆಗೆ ಕಟ್ಟಿದ್ದೇವೆ, ಬಟ್ಟೆ ಹಾಲ್‌ನಲ್ಲಿ ಒಣಗುತ್ತಿವೆ. ಬಳ್ಳಿ ರಾಟೆಯ ತುಂಬ ಹಬ್ಬಿದೆ, ಹೂ ಮಾತ್ರ ಬಂದಿಲ್ಲ. ರಾತ್ರಿಯಿಡೀ ಬೆಳಕಿದ್ದರೆ ಅವರೆಗೆ ಹಗಲು ಮುಗಿದದ್ದೇ ತಿಳಿಯುವುದಿಲ್ಲ ಎಂದು ಓದಿದ ಮೇಲೆ ಬಾಲ್ಕನಿ ದೀಪ ಆರಿಸುತ್ತಿದ್ದೇನೆ. ಕೆಳಗಿನ ಪಾರ್ಕಿಂಗ್‌ನ ಫ್ಲಡ್‌ಲೈಟ್‌ಗೆ ಅಮ್ಮ ತನ್ನ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿದ್ದಾಳೆ. ದೀಪಾವಳಿ ಕಳೆಯಲಿ ತಾಳು ಅನ್ನುತ್ತಾಳೆ.