ಹುಟ್ಟಿದ ವಾರವೇ ಹೆಸರಾದಾಗ

ಘಾನಾ ದೇಶದ ಅಕಾನ್ ಜನರಲ್ಲಿ ಮಗುವಿನ ಮೊದಲ ಹೆಸರನ್ನು ಅದು ಹುಟ್ಟಿದ ವಾರವೇ ನಿರ್ಧರಿಸುತ್ತದೆ. ಸೋಮವಾರದ ಗಂಡುಮಗು ಕೋಜೊ, ಶುಕ್ರವಾರದ್ದು ಕೋಫಿ. ಶುಕ್ರವಾರದ ಹೆಣ್ಣುಮಗು ಎಫುವಾ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಜನಿಸಿದ್ದು 1938ರ ಏಪ್ರಿಲ್ 8ರಂದು, ಶುಕ್ರವಾರ. ಅವರ ಅವಳಿ ಸೋದರಿ ಎಫುವಾ. ಅಕಾನರಿಗೆ ಇದು ಆತ್ಮದೊಡನೆ ಬಂದ ಹೆಸರು. ಅರಸನ ಮಗುವಿಗೂ ರೈತನ ಮಗುವಿಗೂ ಒಂದೇ ಕ್ರಮ.

ಗುಲಾಮರನ್ನು ಸಾಗಿಸಿದ ಹಡಗುಗಳಲ್ಲಿ ಈ ಹೆಸರುಗಳೂ ಅಟ್ಲಾಂಟಿಕ್ ಸಾಗರವನ್ನು ದಾಟಿದವು. ಜಮೈಕಾದ ಬೆಟ್ಟಗಳಲ್ಲಿ ಹೋರಾಡಿ 1739ರಲ್ಲಿ ಬ್ರಿಟಿಷರನ್ನು ಒಪ್ಪಂದಕ್ಕೆ ಇಳಿಸಿದ ಕಡ್ಜೋ ಹೊತ್ತದ್ದು ಸೋಮವಾರದ ಹೆಸರು. ಇಂದಿನ ಗಯಾನಾದ ಬರ್ಬೀಸ್‌ನಲ್ಲಿ 1763ರಲ್ಲಿ ಡಚ್ಚರ ವಿರುದ್ಧ ದಂಗೆಯೆದ್ದವರ ನಾಯಕ ಕಫಿಯದು ಶುಕ್ರವಾರದ್ದು. ಆದರೆ ಭಾನುವಾರದ ಹೆಸರಾದ ಕ್ವಾಶಿ, ತೋಟದ ಧಣಿಗಳ ಬಾಯಲ್ಲಿ ಪೆದ್ದನೆಂಬ ಅರ್ಥದ ಬೈಗುಳವಾಯಿತು.

ಮುಂಬಯಿಯ ತುಳುವರಿಗೆ ಇಂಥದೇ ಹೆಸರುಗಳು ನೆನಪಾಗದಿರವು: ಐತ, ಅಂಗಾರ, ಗುರುವ, ತುಕ್ರ, ತನಿಯ. ಇವೂ ವಾರದ ಹೆಸರುಗಳೇ. ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ (1933) ಚೋಮನ ಹಿರಿಯ ಮಕ್ಕಳು ಚನಿಯ ಮತ್ತು ಗುರುವ. ಒಬ್ಬನದು ಶನಿವಾರ, ಇನ್ನೊಬ್ಬನದು ಗುರುವಾರ. ತುಳುನಾಡಿನಲ್ಲಿ ಈ ಹೆಸರುಗಳು ಬಹುಪಾಲು ದಲಿತರ ಹಾಗೂ ಕೂಲಿಯಾಳುಗಳ ಪಾಲಿಗೆ ಬಂದವು. ಹೆಸರು ಹೇಳಿದೊಡನೆ ಜಾತಿ ತಿಳಿಯುತ್ತಿತ್ತು. ಮುಂದಿನ ತಲೆಮಾರಿನವರು ಅವನ್ನು ತೊರೆದರೆಂದು ಹಳಹಳಿಸುವ ಮುನ್ನ ಒಂದು ಮಾತನ್ನು ನೆನೆಯಬೇಕು: ಅಕಾನರಲ್ಲಿ ಎಲ್ಲರಿಗೂ ಸಂದ ಹೆಸರನ್ನು ಇಲ್ಲಿ ಕೆಲವರ ಮೇಲೆ ಮಾತ್ರ ಹೊರಿಸಲಾಗಿತ್ತು.