ಪ್ರಾಂತೀಯ ಷೇರು ವಿನಿಮಯ ಕೇಂದ್ರದ ಉದಯ ಮತ್ತು ಅಸ್ತ: ಬೆಂಗಳೂರಿನ ನಿದರ್ಶನ (1963–2014)

ಭಾರತದ ಷೇರುಪೇಟೆಯನ್ನು ನಿಯಂತ್ರಿಸುವ ಮೂರು ಪ್ರಧಾನ ಕಾಯಿದೆಗಳನ್ನು ಒಂದೇ ಸಂಹಿತೆಯಲ್ಲಿ ಅಡಕಗೊಳಿಸುವ ಮಸೂದೆಯೊಂದು 2025ರ ಡಿಸೆಂಬರ್ ತಿಂಗಳಲ್ಲಿ ಲೋಕಸಭೆಯಲ್ಲಿ ಮಂಡಿತವಾಗಿ ಸ್ಥಾಯೀ ಸಮಿತಿಯ ಪರಿಶೀಲನೆಗೆ ಒಪ್ಪಿಸಲ್ಪಟ್ಟಿತು. 1956ರ ಸೆಕ್ಯುರಿಟಿಗಳ ಕರಾರು (ನಿಯಂತ್ರಣ) ಕಾಯಿದೆ, 1992ರ ಸೆಬಿ ಕಾಯಿದೆ ಮತ್ತು 1996ರ ಡಿಪಾಸಿಟರಿ ಕಾಯಿದೆ, ಇವೇ ಆ ಮೂರು. ಮಸೂದೆಯ ಗುಣದೋಷ ವಿವೇಚನೆ ನ್ಯಾಯವೇತ್ತರಿಗೂ ಅರ್ಥಶಾಸ್ತ್ರಜ್ಞರಿಗೂ ಸೇರಿದ್ದು. ಇತಿಹಾಸದ ವಿದ್ಯಾರ್ಥಿಯು ಕೇಳತಕ್ಕ ಪ್ರಶ್ನೆ ಬೇರೆ: ಹಿಂದಿನ ಸುಧಾರಣೆಗಳಿಂದ ಯಾರಿಗೆ ಬಾಗಿಲು ತೆರೆಯಿತು, ಯಾರಿಗೆ ಮುಚ್ಚಿತು? ಬೆಂಗಳೂರು ಷೇರು ವಿನಿಮಯ ಕೇಂದ್ರದ ಚರಿತ್ರೆಯು ಈ ಪ್ರಶ್ನೆಗೆ ತಕ್ಕ ನಿದರ್ಶನವಾಗಿದೆ.

ಸ್ವಾತಂತ್ರ್ಯಪೂರ್ವದಲ್ಲಿ ಷೇರು ವ್ಯಾಪಾರಕ್ಕೆ ಅಖಿಲ ಭಾರತೀಯ ಕಾನೂನಿರಲಿಲ್ಲ. ಮುಂಬಯಿ ಪ್ರಾಂತದಲ್ಲಿ ಮಾತ್ರ 1925ರ ಕಾಯಿದೆಯೊಂದು ಜಾರಿಯಲ್ಲಿತ್ತು. ಸಂವಿಧಾನವು ಷೇರು ವಿನಿಮಯ ಕೇಂದ್ರಗಳನ್ನು ಕೇಂದ್ರದ ಅಧಿಕಾರವ್ಯಾಪ್ತಿಗೆ ಸೇರಿಸಿತು. 1951ರಲ್ಲಿ ನೇಮಕವಾದ ಎ. ಡಿ. ಗೋರ್ವಾಲಾ ಸಮಿತಿಯ ಶಿಫಾರಸುಗಳ ತಳಹದಿಯ ಮೇಲೆ 1956ರ ಕಾಯಿದೆಯು ರೂಪುಗೊಂಡು, 1957ರ ಫೆಬ್ರುವರಿಯಲ್ಲಿ ಜಾರಿಗೆ ಬಂದಿತು. ಈ ಕಾಯಿದೆಯ ಜೀವಾಳವೇ ಸ್ಥಳ. ಸರ್ಕಾರವು ಒಂದು ಪ್ರದೇಶವನ್ನು ಗೊತ್ತುಪಡಿಸಿದರೆ, ಅಲ್ಲಿ ಮಾನ್ಯತೆ ಪಡೆದ ಕೇಂದ್ರದ ಸದಸ್ಯರ ನಡುವೆ ಅಥವಾ ಅವರ ಮೂಲಕ ನಡೆಯದ ಕರಾರು ಕಾನೂನುಬಾಹಿರವೆನಿಸುತ್ತಿತ್ತು. ಎಂದರೆ, ಪೇಟೆಯೆಂಬುದು ಒಂದು ಊರಿಗೆ, ಅಲ್ಲಿನ ಒಂದು ಮಂಡಲಿಗೆ ಸೇರಿದ ಸಂಸ್ಥೆ ಎಂಬುದೇ ಕಾನೂನಿನ ಭಾವನೆಯಾಗಿತ್ತು.

ಮುಂಬಯಿ, ಕಲ್ಕತ್ತ, ಮದರಾಸು, ಅಹಮದಾಬಾದು, ದೆಹಲಿ, ಹೈದರಾಬಾದು, ಇಂದೂರುಗಳ ತರುವಾಯ 1963ರಲ್ಲಿ ಬೆಂಗಳೂರಿನ ಕೇಂದ್ರವು ಮಾನ್ಯತೆ ಪಡೆಯಿತು. ಇದು ಆಕಸ್ಮಿಕವಲ್ಲ. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಮೈಸೂರು ಬ್ಯಾಂಕು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ, 1936ರಲ್ಲಿ ಭದ್ರಾವತಿಯ ಕಾಗದದ ಕಾರ್ಖಾನೆ ಹುಟ್ಟಿದ್ದವು. 1946ರ ಕಿರ್ಲೋಸ್ಕರ್ ಎಲೆಕ್ಟ್ರಿಕ್, 1951ರ ಮೈಕೋ ಮುಂತಾದವು ನಗರವನ್ನು ಔದ್ಯೋಗಿಕ ಕೇಂದ್ರವನ್ನಾಗಿ ಮಾಡಿದವು. ಮೈಕೋ ಕಾರ್ಖಾನೆ ನಿಂತದ್ದು ಆಡುಗೋಡಿಯಲ್ಲಿ. 1948ರಲ್ಲಿ ಆರಂಭವಾದ ಜಯನಗರ ಬಡಾವಣೆಗೆ ಅದು ಸಮೀಪ. ಸಂಬಳದಲ್ಲಿ ಉಳಿತಾಯ ಮಾಡುವ ವರ್ಗವೊಂದು ಇಲ್ಲಿ ಬೆಳೆಯಿತು. ಜಯಚಾಮರಾಜೇಂದ್ರ ರಸ್ತೆಯ ವಿನಿಮಯ ಕೇಂದ್ರವು ಇಂಥವರಿಗೆ ಕೈಗೆಟುಕುವ ಪೇಟೆಯಾಗಿತ್ತು. ಕಂಪನಿಯ ನೋಂದಾಯಿತ ಕಚೇರಿಯಿರುವ ಪ್ರಾಂತದ ಕೇಂದ್ರದಲ್ಲಿ ಅದರ ಷೇರು ಪಟ್ಟಿಗೆ ಸೇರಲೇಬೇಕೆಂಬ ನಿಯಮವು ಈ ಕೇಂದ್ರಕ್ಕೆ ಆಧಾರಸ್ತಂಭವಾಗಿತ್ತು.

1992ರಿಂದ ಬದಲಾವಣೆಯ ಗತಿ ತೀವ್ರವಾಯಿತು. ಆ ವರ್ಷ ಸೆಬಿ ಶಾಸನಬದ್ಧ ಅಧಿಕಾರವನ್ನು ಪಡೆಯಿತು. 1947ರ ಬಂಡವಾಳ ನಿಯಂತ್ರಣ ಕಾಯಿದೆ ರದ್ದಾಯಿತು. 1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಉಪಗ್ರಹ ಸಂಪರ್ಕದ ಮೂಲಕ ವ್ಯವಹಾರ ಆರಂಭಿಸಿದ ಮೇಲೆ ಮುಂಬಯಿಯ ಧಾರಣೆ ಬೆಂಗಳೂರಿನ ದಲ್ಲಾಳಿಯ ಮೇಜಿನ ಮೇಲೆಯೇ ಕಾಣತೊಡಗಿತು. 1996ರ ಡಿಪಾಸಿಟರಿ ಕಾಯಿದೆಯಿಂದ ಷೇರುಪತ್ರವು ಕಾಗದದ ರೂಪವನ್ನು ಬಿಟ್ಟು ಲೆಕ್ಕದ ನಮೂದಾಯಿತು.

ಇವುಗಳಿಗಿಂತ ನಿರ್ಣಾಯಕವಾದುದು, ಸಾಮಾನ್ಯವಾಗಿ ಗಮನಕ್ಕೆ ಬಾರದ, ಲೆಕ್ಕ ಚುಕ್ತಾ ಮಾಡುವ ಕ್ರಮದ ಬದಲಾವಣೆ. ಹಿಂದೆ ಬೇರೆ ಬೇರೆ ಕೇಂದ್ರಗಳ ಚುಕ್ತಾ ಅವಧಿಗಳು ಬೇರೆ ಬೇರೆ ದಿನಗಳಲ್ಲಿ ಮುಗಿಯುತ್ತಿದ್ದವು. ಈ ಅಂತರವನ್ನೂ ಧಾರಣೆಯ ವ್ಯತ್ಯಾಸವನ್ನೂ ಅವಲಂಬಿಸಿ ಒಂದೆಡೆ ಕೊಂಡು ಇನ್ನೊಂದೆಡೆ ಮಾರುವ ವ್ಯವಹಾರವು ಪ್ರಾಂತೀಯ ಕೇಂದ್ರಗಳಿಗೆ ಜೀವನಾಧಾರವಾಗಿತ್ತು. 2001ರಲ್ಲಿ ಬದ್ಲಾ ಪದ್ಧತಿ ನಿಂತು, ದೇಶಾದ್ಯಂತ ಏಕರೀತಿಯ ಚುಕ್ತಾ ಕ್ರಮ ಬಂದಿತು. 2003ರ ಏಪ್ರಿಲ್‌ನಿಂದ ಎರಡು ದಿನ, 2023ರ ಜನವರಿಯಿಂದ ಒಂದೇ ದಿನ ಎಂದು ಅವಧಿಯು ಕಿರಿದಾಯಿತು. 2003ರಲ್ಲಿಯೇ ಪ್ರಾಂತೀಯ ಪಟ್ಟಿಯ ಕಡ್ಡಾಯವೂ ಸಡಿಲಗೊಂಡಿತು. ಹೀಗೆ ಆಧಾರಸ್ತಂಭಗಳೆರಡೂ ಕಳಚಿದವು.

ಬೆಂಗಳೂರು ಕೇಂದ್ರವು ಒಂದು ಅಂಗಸಂಸ್ಥೆಯನ್ನು ಸ್ಥಾಪಿಸಿತು; ಅದರ ಮೂಲಕ ಇಲ್ಲಿನ ದಲ್ಲಾಳಿಗಳು ಮುಂಬಯಿಯ ಕೇಂದ್ರಗಳಲ್ಲಿ ವ್ಯವಹರಿಸಿದರು. ವ್ಯಾಪಾರಿಗಳು ಉಳಿದರು, ಪೇಟೆ ಉಳಿಯಲಿಲ್ಲ. 2012ರ ಮೇ 30ರ ಸುತ್ತೋಲೆಯಲ್ಲಿ ಸೆಬಿಯು, ಎರಡು ವರ್ಷಗಳೊಳಗೆ 1,000 ಕೋಟಿ ರೂಪಾಯಿಗಳ ವಾರ್ಷಿಕ ವಹಿವಾಟನ್ನು ಸಾಧಿಸದ ಕೇಂದ್ರವು ತಾನಾಗಿಯೇ ನಿರ್ಗಮಿಸಬೇಕು, ಇಲ್ಲವೇ ಮಾನ್ಯತೆ ಕಳೆದುಕೊಳ್ಳಬೇಕು ಎಂದು ವಿಧಿಸಿತು. 2014ರ ಡಿಸೆಂಬರ್‌ನಲ್ಲಿ ಬೆಂಗಳೂರು ಕೇಂದ್ರದ ನಿರ್ಗಮನಕ್ಕೆ ಆಜ್ಞೆಯಾಯಿತು.

ಈ ಸುಧಾರಣೆಗಳನ್ನು ಅನ್ಯಾಯವೆಂದು ಹಳಿಯುವುದು ಸರಿಯಲ್ಲ. ಹಳೆಯ ಪದ್ಧತಿಯಲ್ಲಿ ನಕಲಿ ಷೇರುಪತ್ರಗಳಿದ್ದವು, ಅಂಚೆಯಲ್ಲಿ ಕಳೆದುಹೋದ ಪತ್ರಗಳಿದ್ದವು, ಧಾರಣೆಯನ್ನು ಗ್ರಾಹಕರಿಗೆ ಮರೆಮಾಚುವ ಅವಕಾಶವಿತ್ತು. ಇಂದು ಬನಶಂಕರಿಯ ಹೂಡಿಕೆದಾರನಿಗೂ ಮುಂಬಯಿಯ ಹೂಡಿಕೆದಾರನಿಗೂ ಒಂದೇ ಧಾರಣೆ ಕಾಣುತ್ತದೆ. ಇದು ಸಣ್ಣ ಲಾಭವಲ್ಲ.

ಆದರೆ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪ್ರಾಂತೀಯ ಕೇಂದ್ರಗಳಲ್ಲಿ ಮಾತ್ರ ಪಟ್ಟಿಯಾಗಿದ್ದ ಸಣ್ಣ ಕಂಪನಿಗಳ ಷೇರುದಾರರು ಪೇಟೆಯಿಲ್ಲದವರಾದರು. ಕೊಳ್ಳುವವರ ಮತ್ತು ಮಾರುವವರ ಇಚ್ಛೆಯನ್ನು ಪ್ರಕಟಿಸುವ ಫಲಕವೊಂದನ್ನು ಅವರಿಗಾಗಿ ಏರ್ಪಡಿಸಲಾಯಿತು; ಫಲಕವಾದರೋ ಪೇಟೆಗೆ ಸಮಾನವಲ್ಲ. 2016ರ ಅಕ್ಟೋಬರ್‌ನಲ್ಲಿ, ಅಂಥ ಕಂಪನಿಗಳು ರಾಷ್ಟ್ರೀಯ ಪಟ್ಟಿಗೆ ಸೇರಬೇಕು ಅಥವಾ ಷೇರುದಾರರಿಗೆ ಹೊರಬರುವ ದಾರಿ ಕಲ್ಪಿಸಬೇಕು ಎಂಬ ನಿಬಂಧನೆ ಬಂದಿತು. ಕಾಗದದ ಷೇರುಗಳ ವರ್ಗಾವಣೆಯು 2019ರ ಏಪ್ರಿಲ್ 1ರಿಂದ ನಿಂತಿತು. ಏಳು ವರ್ಷ ಸತತವಾಗಿ ಲಾಭಾಂಶವನ್ನು ಪಡೆಯದಿದ್ದರೆ ಷೇರುಗಳೇ ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ ಸೇರುತ್ತವೆ. ಅವುಗಳನ್ನು ಮರಳಿ ಪಡೆಯಲು ಅವಕಾಶವುಂಟು, ಆದರೆ ವಾರಸುದಾರರು ದಾಖಲೆಗಳನ್ನು ಒದಗಿಸಬೇಕು. ನಿಷೇಧಕ್ಕೆ ಮುನ್ನ ಸಲ್ಲಿಕೆಯಾಗಿ ಲೋಪದಿಂದ ಹಿಂದಿರುಗಿದ್ದ ವರ್ಗಾವಣೆ ಪತ್ರಗಳಿಗಾಗಿ 2025ರ ಜುಲೈ 7ರಿಂದ ಆರು ತಿಂಗಳ ವಿಶೇಷ ಅವಕಾಶವನ್ನು ಸೆಬಿಯೇ ಕಲ್ಪಿಸಬೇಕಾಯಿತು. ಸುಧಾರಣೆಯ ಹಿಂದೆ ಉಳಿದುಹೋದವರು ಇದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಒಂದೊಂದಾಗಿ ನೋಡಿದರೆ ಯುಕ್ತವಾದ ಕ್ರಮಗಳು ಕೂಡಿಬಂದಾಗ, ಯಾರೂ ಉದ್ದೇಶಪೂರ್ವಕವಾಗಿ ಬಯಸದಿದ್ದ ಪರಿಣಾಮವನ್ನು ತರಬಲ್ಲವು ಎಂಬುದೇ ಬೆಂಗಳೂರಿನ ನಿದರ್ಶನದ ತಾತ್ಪರ್ಯ. 1956ರ ಕಾಯಿದೆಯು ಪೇಟೆಗೆ ಸ್ಥಳವನ್ನು ಕೊಟ್ಟಿತು. ಅನಂತರದ ಸುಧಾರಣೆಗಳು ಸ್ಥಳವನ್ನು ಅಳಿಸಿ ವೇಗವನ್ನು ಕೊಟ್ಟವು. ಹೊಸ ಸಂಹಿತೆಯನ್ನು ತೂಗಿ ನೋಡುವವರು ವೇಗದ ಜೊತೆಗೆ, ಹಳೆಯ ಪತ್ರವನ್ನು ಕೈಯಲ್ಲಿ ಹಿಡಿದು ನಿಂತ ಷೇರುದಾರನು ಯಾವ ಬಾಗಿಲನ್ನು ತಟ್ಟಬೇಕೆಂಬುದನ್ನೂ ವಿಚಾರಿಸುವುದು ಉಚಿತವೆಂದು ತೋರುತ್ತದೆ.