ಮೌನದಲ್ಲಿಯೂ ಕೇಳುವ ಸದ್ದು

ರೇಡಿಯೋ ಯಂತ್ರದ ಮುಳ್ಳನ್ನು ಯಾವ ನಿಲಯವೂ ಇಲ್ಲದೆಡೆಗೆ ತಿರುಗಿಸಿ ಧ್ವನಿಯನ್ನು ಹೆಚ್ಚಿಸಿದರೆ ‘ಸುಯ್’ ಎಂಬ ಸದ್ದು ಕೇಳುವುದು ಶ್ರೋತೃಗಳೆಲ್ಲರಿಗೂ ತಿಳಿದ ವಿಷಯ. ಅದರಲ್ಲಿ ಹೆಚ್ಚಿನ ಪಾಲು ದೂರದ ಮಿಂಚುಗಳಿಂದಲೂ ನೆರೆಹೊರೆಯ ವಿದ್ಯುದ್ಯಂತ್ರಗಳಿಂದಲೂ ಬಂದದ್ದು. ಆದರೆ ಅವೆಲ್ಲವನ್ನೂ ತಡೆದು ಯಂತ್ರವನ್ನು ಲೋಹದ ಪೆಟ್ಟಿಗೆಯೊಳಗೆ ಮುಚ್ಚಿಟ್ಟರೂ ಒಂದು ಸಣ್ಣ ಸದ್ದು ಉಳಿದೇ ಉಳಿಯುವುದು. ಅದರ ಮೂಲವೇನು, ಅದನ್ನು ಅರಿತದ್ದರಿಂದ ಏನಾಯಿತು ಎಂಬ ಚರಿತ್ರೆಯನ್ನು ಈಗ ಅರಿಕೆಮಾಡುತ್ತೇನೆ.

ಮೊದಲನೆಯ ಮಹಾಯುದ್ಧದ ಕಾಲಕ್ಕೆ ಕ್ಷೀಣವಾದ ವಿದ್ಯುತ್ಸಂಕೇತವನ್ನು ವಾಲ್ವುಗಳಿಂದ ಬಹುಪಾಲು ಹಿಗ್ಗಿಸುವುದು ಸಾಧ್ಯವಾಗಿತ್ತು. ಹಾಗಾದರೆ ವಾಲ್ವಿಗೆ ವಾಲ್ವನ್ನು ಜೋಡಿಸುತ್ತ ಹೋದರೆ ಎಂತಹ ಸೂಕ್ಷ್ಮ ಸಂಕೇತವನ್ನಾದರೂ ಕೇಳಬಹುದಲ್ಲವೆ? ಅದಕ್ಕೊಂದು ಮಿತಿಯುಂಟೆಂದು 1918ರಲ್ಲಿ ಜರ್ಮನಿಯ ವಾಲ್ಟರ್ ಷಾಟ್ಕಿ ತೋರಿಸಿದನು. ವಾಲ್ವಿನೊಳಗಿನ ವಿದ್ಯುತ್ತು ಹೆಂಚಿನ ಮೇಲೆ ಬೀಳುವ ಮಳೆಹನಿಗಳಂತೆ ಬಿಡಿಬಿಡಿ ಎಲೆಕ್ಟ್ರಾನುಗಳಾಗಿ ಬೀಳುವುದರಿಂದ ಹುಟ್ಟುವ ಸದ್ದು ಒಂದು. ತಂತಿಯಲ್ಲಿರುವ ಎಲೆಕ್ಟ್ರಾನುಗಳು ಉಷ್ಣದಿಂದ ತಳಮಳಿಸುವುದರಿಂದ ಹುಟ್ಟುವುದು ಇನ್ನೊಂದು. ಎರಡನೆಯದು ಮೊದಲನೆಯದರಲ್ಲಿ ಮುಳುಗಿಹೋಗುವುದೆಂದು ಆತನ ಎಣಿಕೆ.

ಎರಡನೆಯದನ್ನು ಪ್ರತ್ಯಕ್ಷವಾಗಿ ಅಳೆದವನು ಅಮೆರಿಕದ ಬೆಲ್ ಪ್ರಯೋಗಶಾಲೆಯ ಜೆ. ಬಿ. ಜಾನ್ಸನ್. ಇಂಗಾಲ, ಲೋಹದ ತಂತಿ, ಲವಣದ ದ್ರಾವಣ ಮುಂತಾದ ರೋಧಕಗಳನ್ನು ಆತನು ವರ್ಧಕಕ್ಕೆ ಒಂದೊಂದಾಗಿ ಜೋಡಿಸಿ ನೋಡಿದನು. ಯಾವುದರಲ್ಲಿಯೂ ವಿದ್ಯುತ್ತನ್ನು ಹರಿಯಿಸದಿದ್ದರೂ ಸದ್ದು ಹುಟ್ಟಿತು. ವಸ್ತು ಯಾವುದೆಂಬುದು ಲೆಕ್ಕಕ್ಕೆ ಬರಲಿಲ್ಲ. ರೋಧವೆಷ್ಟು, ಉಷ್ಣತೆಯೆಷ್ಟು ಎಂಬುದೇ ಮುಖ್ಯವಾಯಿತು. ಸಹೋದ್ಯೋಗಿಯಾದ ಹ್ಯಾರಿ ನೈಕ್ವಿಸ್ಟ್ ಈ ಫಲವನ್ನು ಉಷ್ಣಶಾಸ್ತ್ರದ ಮೂಲತತ್ತ್ವಗಳಿಂದಲೇ ಗಣಿಸಿ ತೋರಿಸಿದನು. ಇಬ್ಬರ ಲೇಖನಗಳೂ 1928ರಲ್ಲಿ ಪ್ರಕಟವಾದುವು.

ಉಷ್ಣವೆಂದರೆ ಕಣಗಳ ಚಲನೆಯೇ ಆದುದರಿಂದ ಈ ಸದ್ದು ಯಂತ್ರಶಿಲ್ಪಿಯ ತಪ್ಪಲ್ಲ. ಕೋಣೆಯ ಉಷ್ಣತೆಯಲ್ಲಿ 1,00,000 ಓಮ್‌ಗಳ ರೋಧಕವೊಂದು, ಸೆಕೆಂಡಿಗೆ 10,000 ಆವರ್ತಗಳಷ್ಟು ಅಗಲದ ಪಟ್ಟಿಯಲ್ಲಿ, ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಸುಮಾರು 4 ಭಾಗದಷ್ಟು ಒತ್ತಡವನ್ನು ತಾನಾಗಿಯೇ ಉಂಟುಮಾಡುತ್ತಿರುವುದು. ಇದಕ್ಕಿಂತ ಬಹು ಕ್ಷೀಣವಾಗಿ ಬಂದ ಸಂಕೇತವು ಸಂತೆಯ ಗದ್ದಲದಲ್ಲಿ ಆಡಿದ ಪಿಸುಮಾತಿನಂತೆ. ಹಿಗ್ಗಿಸಿದರೆ ಗದ್ದಲವೂ ಅದರೊಡನೆ ಹಿಗ್ಗುವುದು. ಉಪಕರಣವನ್ನು ತಣ್ಣಗಾಗಿಸಬಹುದು, ಪಟ್ಟಿಯನ್ನು ಕಿರಿದುಗೊಳಿಸಬಹುದು. ಆದರೆ ಪಟ್ಟಿ ಕಿರಿದಾದಷ್ಟೂ ವಾರ್ತೆ ನಿಧಾನವಾಗುವುದು.

ಸದ್ದಿನ ಬಲವು ಉಷ್ಣತೆಯನ್ನು ಅವಲಂಬಿಸಿರುವುದರಿಂದ ಅದನ್ನು ನಿರಪೇಕ್ಷ ಶೂನ್ಯದಿಂದ ಮೇಲೆಣಿಸಿದ ಡಿಗ್ರಿಗಳಲ್ಲಿ ಹೇಳುವ ಪದ್ಧತಿ ಬಂದಿತು. ಅದರ ಮಹತ್ತ್ವವು 1964ರಲ್ಲಿ ತಿಳಿದುಬಂದಿತು. ಅದೇ ಬೆಲ್ ಸಂಸ್ಥೆಯ ಆರ್ನೋ ಪೆನ್ಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಕೊಂಬಿನಾಕಾರದ ದೊಡ್ಡ ಆಂಟೆನಾದ ಸದ್ದನ್ನು ದ್ರವಹೀಲಿಯಮಿನಿಂದ ತಣ್ಣಗಾಗಿಸಿದ ರೋಧಕದ ಸದ್ದಿನೊಡನೆ ಹೋಲಿಸಿ ಅಳೆಯುತ್ತಿದ್ದರು. ನೆತ್ತಿಯ ಕಡೆಗೆ ತಿರುಗಿಸಿದಾಗ ಒಟ್ಟು 6.7 ಡಿಗ್ರಿ ಕಂಡಿತು. ವಾಯುಮಂಡಲದ ಪಾಲು 2.3, ಆಂಟೆನಾದ ಲೋಹದ್ದು ಒಂದಕ್ಕಿಂತ ಕಡಮೆ. ಉಳಿದ ಸುಮಾರು 3.5 ಡಿಗ್ರಿಗೆ ಲೆಕ್ಕ ಸಿಕ್ಕಲಿಲ್ಲ. ಕೊಂಬಿನಲ್ಲಿ ಗೂಡುಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆಯನ್ನು ತೊಳೆದರೂ ಅದು ಹೋಗಲಿಲ್ಲ. ಯಾವ ದಿಕ್ಕಿಗೆ ತಿರುಗಿಸಿದರೂ ಬದಲಾಗಲಿಲ್ಲ. ಪ್ರಿನ್ಸ್‌ಟನ್ನಿನ ರಾಬರ್ಟ್ ಡಿಕಿ ಮೊದಲಾದವರು 1965ರಲ್ಲಿ ಅದನ್ನು ವಿಶ್ವದ ಆದಿಕಾಲದ ಮಹಾತಾಪದ ಶೇಷವೆಂದು ವಿವರಿಸಿದರು. ಪೆನ್ಜಿಯಾಸ್, ವಿಲ್ಸನ್ನರಿಗೆ 1978ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆ ಶೇಷದ ಉಷ್ಣತೆ 2.725 ಡಿಗ್ರಿಯೆಂದು ಮುಂದೆ ನಿಷ್ಕರ್ಷೆಯಾಯಿತು.

ತಮ್ಮ ಯಂತ್ರದ ಸದ್ದಿಗೆ ಅವರು ಡಿಗ್ರಿಯ ದಶಾಂಶದವರೆಗೂ ಲೆಕ್ಕವಿಟ್ಟಿದ್ದುದರಿಂದಲೇ, ಯಂತ್ರಕ್ಕೆ ಸೇರದ ಆ ಮೂರೂವರೆ ಡಿಗ್ರಿಯನ್ನು ಗುರುತಿಸಲು ಸಾಧ್ಯವಾಯಿತು.